ಟೈರ್ ಕೊಳ್ಳುವ ಮುಂಚೆ ರಿಮ್ ಮೇಲಿನ ಅಂಕಿ ಓದಿ

ಗ್ಯಾರೇಜ್ ಕಟ್ಟೆ: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಟೈರಿನ ಪ್ರಶ್ನೆಗಳೇ ಜಾಸ್ತಿ. ಮಳೆಗಾಲ ಅಲ್ವಾ, ಗಾಡಿ ಒಂದು ಸಲ ಜಾರಿದ ತಕ್ಷಣ ಎಲ್ಲರ ಕಣ್ಣೂ ಟೈರ್ ಮೇಲೆ ಬೀಳುತ್ತದೆ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಕೇಳಿರುವುದು ಒಂದೇ: ಕಂಪನಿ ಕೊಟ್ಟ ಅಳತೆ ಬಿಟ್ಟು ದಪ್ಪ ಟೈರ್ ಹಾಕಬಹುದಾ? ಹಾಗಾಗಿ ಈ ತಿಂಗಳ ಜಾಗ ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಕಾರ್ಬುರೇಟರ್ ಬಗ್ಗೆ ಬರೆದವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಿರಿ.

ಪ್ರಶ್ನೆ: ನನ್ನದು ಸ್ಪ್ಲೆಂಡರ್ ಪ್ಲಸ್, ಸ್ಪೋಕ್ಸ್ ಚಕ್ರ. ದಿನಾ ಬೆಳಿಗ್ಗೆ 20 ಲೀಟರಿನ ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗುತ್ತೇನೆ. ಕೆರೆ ಏರಿ ಮೇಲಿನ ಮಣ್ಣು ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. ಈಗ ಇರುವುದು 80/100-18. ಸ್ನೇಹಿತನೊಬ್ಬ ಅದೇ ಗಾಡಿಗೆ 100/90-18 ಹಾಕಿಸಿದ್ದಾನೆ, ನೋಡೋಕೆ ಚೆನ್ನಾಗಿದೆ. ರಿಮ್ ಮೇಲೆ 18 x 1.60 ಅಂತ ಇದೆ. ನಾನೂ ಹಾಕಿಸಲಾ? ಮೈಲೇಜ್, ಸ್ಪೀಡೋಮೀಟರ್ ಏನಾಗುತ್ತದೆ?
(ಓದುಗರು, ತಿಪಟೂರು)

ರಿಮ್ ಮೇಲಿನ ಅಂಕಿ ಬರೆದು ಕಳಿಸಿದ್ದೀರಿ. ಇಷ್ಟು ಪತ್ರಗಳಲ್ಲಿ ಅದನ್ನು ಬರೆದವರು ನೀವೊಬ್ಬರೇ. ಅದಕ್ಕೇ ನಿಮ್ಮ ಪತ್ರ ಮೊದಲು ತೆಗೆದುಕೊಂಡೆ.

ಹಾಕಿಸಬೇಡಿ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ.

80/100-18 ಅಂದರೆ ಟೈರಿನ ಅಗಲ 80 ಮಿಲಿಮೀಟರ್. ಅದರ ಗೋಡೆಯ, ಅಂದರೆ ಪಕ್ಕದ ಭಾಗದ, ಎತ್ತರ ಆ ಅಗಲದ ನೂರಕ್ಕೆ ನೂರು ಭಾಗ, ಅಂದರೆ ಅದೂ 80. ಕೊನೆಯ 18 ರಿಮ್‌ನ ವ್ಯಾಸ, ಇಂಚಿನಲ್ಲಿ. 100/90-18ರಲ್ಲಿ ಅಗಲ 100, ಗೋಡೆ ಅದರ ನೂರಕ್ಕೆ ತೊಂಬತ್ತು, ಅಂದರೆ 90. ಕೊನೆಯ 18 ಎರಡರಲ್ಲೂ ಒಂದೇ ಇರುವುದರಿಂದ ಟೈರ್ ರಿಮ್ ಮೇಲೆ ಕೂರುತ್ತದೆ, ಗಾಳಿ ತುಂಬಿದರೆ ನಿಲ್ಲುತ್ತದೆ, ಗಾಡಿ ಓಡುತ್ತದೆ. ಹಾಗಾಗಿ ಅಂಗಡಿಯವರೂ ಹಾಕಿಕೊಡುತ್ತಾರೆ. ಕೂರುವುದು ಬೇರೆ, ಹೊಂದುವುದು ಬೇರೆ.

ನಿಮ್ಮ ರಿಮ್‌ನ 1.60 ಅಂದರೆ ಅದರ ಒಳ ಅಗಲ 1.60 ಇಂಚು. ಮಿಲಿಮೀಟರಿನಲ್ಲಿ ಸುಮಾರು 41. ಟೈರ್ ತಯಾರಿಸುವವರ ಪಟ್ಟಿಯಲ್ಲಿ 100/90 ಟೈರಿಗೆ ಬೇಕಾದ ರಿಮ್ ಶುರುವಾಗುವುದೇ 2.15 ಇಂಚಿನಿಂದ, ಅಂದರೆ ಸುಮಾರು 55 ಮಿಲಿಮೀಟರ್. ನಿಮ್ಮೂರಲ್ಲಿ ತೆಂಗಿನಕಾಯಿ ಚೀಲ ಕಟ್ಟುವುದನ್ನು ದಿನಾ ನೋಡುತ್ತೀರಿ. ಬಾಯಿ ಬಿಗಿದು ಕಟ್ಟಿದಷ್ಟೂ ಹೊಟ್ಟೆ ಉಬ್ಬುತ್ತದೆ. ಟೈರೂ ಹಾಗೇ. ಕಿರಿದಾದ ರಿಮ್ ಅದರ ಎರಡು ಬೀಡನ್ನೂ, ಅಂದರೆ ರಿಮ್ ಒಳಗೆ ಕೂರುವ ಅಂಚುಗಳನ್ನು, ಹತ್ತಿರ ಎಳೆದು ಹಿಡಿಯುತ್ತದೆ. ಆಗ ಮೇಲಿನ ಮೈ ಗುಂಡಗಾಗುತ್ತದೆ. ಗಾಡಿ ನೆಟ್ಟಗೆ ಹೋಗುವಾಗ ನೆಲಕ್ಕೆ ತಾಗುವುದು ನಡುವಿನ ಕಿರಿದಾದ ಪಟ್ಟಿ ಮಾತ್ರ. ಹಿಡಿತ ಸಿಗಲಿ ಅಂತ ದಪ್ಪ ಟೈರ್ ಹಾಕಿ, ಆ ದಪ್ಪ ನೆಲಕ್ಕೆ ತಾಗದೇ ಹೋದರೆ ಏನು ಬಂತು? ನಿಮ್ಮ ಸ್ನೇಹಿತನ ಟೈರನ್ನು ಒಂದೆರಡು ಸಾವಿರ ಕಿಲೋಮೀಟರ್ ಆದ ಮೇಲೆ ಬಗ್ಗಿ ನೋಡಿ. ನಡುವೆ ಸವೆದಿರುತ್ತದೆ, ಎರಡು ಅಂಚಿನಲ್ಲಿ ಹೊಸ ಟೈರಿನ ಕೂದಲು ಹಾಗೇ ಇರುತ್ತದೆ.

ಇನ್ನೊಂದು ವಿಷಯ ಗೋಡೆಯದು. ರಿಮ್ ಕಿರಿದಾದಾಗ ಗೋಡೆಗೆ ಸರಿಯಾದ ಆಸರೆ ಇರುವುದಿಲ್ಲ. ಖಾಲಿ ಗಾಡಿಯಲ್ಲಿ ಗೊತ್ತಾಗುವುದಿಲ್ಲ. ಎರಡು ಕ್ಯಾನ್ ಹಾಲು ಕಟ್ಟಿ ಹೊರಟಾಗ, ಅದೂ ಹಾಲು ಒಳಗೆ ತುಳುಕುವಾಗ, ಗಾಡಿಯ ಹಿಂಭಾಗ ಆ ಕಡೆ ಈ ಕಡೆ ತೊನೆದಾಡಿದ ಹಾಗೆ ಆಗುತ್ತದೆ. ಕೆರೆ ಏರಿ ಮೇಲೆ ಅದು ಬೇಡ.

ಈಗ ಎತ್ತರದ ಲೆಕ್ಕ. ನಿಮ್ಮ ಈಗಿನ ಟೈರಿನ ಒಟ್ಟು ವ್ಯಾಸ ಸುಮಾರು 617 ಮಿಲಿಮೀಟರ್. 100/90 ಹಾಕಿದರೆ 637. ಒಂದು ಸುತ್ತಿಗೆ ಗಾಡಿ 63 ಮಿಲಿಮೀಟರ್ ಜಾಸ್ತಿ ಮುಂದೆ ಹೋಗುತ್ತದೆ, ಅಂದರೆ ನೂರಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು. ನಿಮ್ಮ ಗಾಡಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬರುತ್ತದೆ. ಹಾಗಾಗಿ ಮೀಟರ್ ಬದಲಾಗುವುದಿಲ್ಲ, ಬದಲಾಗುವುದು ಎಂಜಿನ್‌ನ ಪಾಡು. ಹಿಂದಿನ ಸ್ಪ್ರಾಕೆಟ್‌ನಲ್ಲಿ (ಚೈನ್ ಕೂರುವ ಹಲ್ಲಿನ ಚಕ್ರ) ಒಂದು ಹಲ್ಲಿಗಿಂತ ಜಾಸ್ತಿ ಕಡಿಮೆ ಮಾಡಿದ ಹಾಗೆ ಲೆಕ್ಕ. 97.2 ಸಿಸಿ ಎಂಜಿನ್, ಹಿಂದೆ ಹಾಲು, ಎದುರಿಗೆ ಏರು. ಮೂರನೇ ಗೇರಲ್ಲಿ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಗುತ್ತದೆ. ಟೈರಿನ ತೂಕವೂ ಜಾಸ್ತಿ. ಮೈಲೇಜ್ ಇಳಿಯುತ್ತದೆ.

ಸ್ಟ್ಯಾಂಡ್ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹಿಂದಿನ ಚಕ್ರದ ಆಕ್ಸಲ್ 10 ಮಿಲಿಮೀಟರ್ ಮೇಲೇಳುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಮೊದಲಿಗಿಂತ ಜಾಸ್ತಿ ವಾಲುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿದರೆ ಚಕ್ರ ನೆಲ ಬಿಟ್ಟು ಏಳುವುದು ಕಡಿಮೆಯಾಗುತ್ತದೆ. ಹಾಲು ಕಟ್ಟಿದ ಗಾಡಿ ವಾಲಿ ಬಿದ್ದರೆ ಆ ದಿನದ ದುಡಿಮೆಯೇ ಹೋಯಿತು.

ನಿಮಗೆ ಬೇಕಾಗಿರುವುದು ದಪ್ಪ ಅಲ್ಲ, ಕಚ್ಚು. ಅದೇ 80/100-18 ಅಳತೆಯಲ್ಲಿ ದೊಡ್ಡ ಗಟ್ಟಿ ಕಟ್ಟೆಗಳಿರುವ ಬಟನ್ ಟೈರ್ ಕೇಳಿ. ಗಟ್ಟಿ ನೆಲದ ಮೇಲೆ ತೆಳುವಾಗಿ ಕೆಸರು ಇರುವಂಥ ರಸ್ತೆಯಲ್ಲಿ ಕಿರಿದಾದ ಟೈರೇ ವಾಸಿ. ಅದು ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ದಪ್ಪದ್ದು ಮೇಲೆ ತೇಲುತ್ತದೆ. ಟೈರಿನ ಪಕ್ಕದಲ್ಲಿ 47P ಅಂತ ಇದ್ದರೆ ಆ ಟೈರ್ 175 ಕೆಜಿ ಹೊರುತ್ತದೆ ಅಂತ ಅರ್ಥ. ಅದೇ ಅಳತೆಯಲ್ಲಿ 54P ಸಿಕ್ಕರೆ 212 ಕೆಜಿ. ನಿಮ್ಮ ಕೆಲಸಕ್ಕೆ 54 ಇರುವುದನ್ನೇ ತೆಗೆದುಕೊಳ್ಳಿ. P ಅಂದರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ, ಅದು ನಿಮಗೆ ಬೇಕಾದಷ್ಟಾಯಿತು. ಗಾಳಿಯನ್ನು ಚೈನ್ ಕವರ್ ಮೇಲಿನ ಸ್ಟಿಕ್ಕರ್ ನೋಡಿ ಹಿಡಿಸಿ. ಒಬ್ಬರೇ ಹೋಗುವಾಗ ಒಂದು ಅಂಕಿ, ಇಬ್ಬರಿಗೆ ಇನ್ನೊಂದು ಅಂಕಿ ಅದರಲ್ಲಿರುತ್ತದೆ. ಕ್ಯಾನ್ ಕಟ್ಟಿದ ದಿನ ಇಬ್ಬರ ಅಂಕಿ. ವಾಪಸ್ ಬರುವಾಗ ಖಾಲಿ ಕ್ಯಾನ್, ಗಾಳಿ ಗಟ್ಟಿ, ಆಗ ಕೆಸರಲ್ಲಿ ಜಾರುವುದು ಸಹಜ. ಆ ಸ್ವಲ್ಪ ದೂರ ನಿಧಾನವಾಗಿ ಬನ್ನಿ.

ಇಷ್ಟೊಂದು ಉದ್ದ ಬರೆಯೋಕೆ ಕಾರಣ ಇದೆ. 2006ರಲ್ಲಿ ನನ್ನ ಹತ್ತಿರ ಒಂದು ಯಮಹಾ ಆರ್‌ಎಕ್ಸ್ 100 ಇತ್ತು. ಹಿಂದಿನ ಚಕ್ರಕ್ಕೆ ಕಂಪನಿ ಅಳತೆ 2.75-18. ನಾನು 100/90-18 ಹಾಕಿದೆ. ಆಗಲೇ ಮೂಡಿಗೆರೆಯಲ್ಲಿ ನನ್ನ ಗ್ಯಾರೇಜ್ ಇತ್ತು, ಕೆಲಸ ಗೊತ್ತಿತ್ತು. ಹಾಕಿದ ದಿನ ಚೈನ್ ಕವರ್‌ಗೂ ಟೈರಿಗೂ ಮಧ್ಯೆ ಬೆರಳು ಆಡಿಸಿ ನೋಡಿದೆ, ಸರಾಗವಾಗಿ ಹೋಯಿತು. ಮೂರು ತಿಂಗಳು ಓಡಿಸಿದೆ, ಏನೂ ಆಗಲಿಲ್ಲ. ಆಮೇಲೆ ಚೈನ್ ಸ್ಪ್ರಾಕೆಟ್ ಸೆಟ್ ಬದಲಾಯಿಸಿದೆ.

ಹಳೆಯ ಚೈನ್ ಎಳೆದು ಎಳೆದು ಉದ್ದ ಆಗಿರುತ್ತದೆ, ಚಕ್ರ ಹಿಂದೆ ಇರುತ್ತದೆ. ಹೊಸ ಚೈನ್ ಹಾಕಿದಾಗ ಚಕ್ರ ಮುಂದೆ ಬರುತ್ತದೆ. ಮುಂದೆ ಬಂದಷ್ಟೂ ಟೈರಿಗೆ ಜಾಗ ಕಿರಿದಾಗುತ್ತದೆ. ನಾನು ಮತ್ತೆ ಬೆರಳು ಆಡಿಸಿ ನೋಡಲಿಲ್ಲ.

ಆ ವಾರ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದೆವು. ಸಣ್ಣ ಮಳೆ. ನಾಲ್ಕೈದು ತಿರುವು ಆದ ಮೇಲೆ ರಬ್ಬರ್ ಸುಟ್ಟ ವಾಸನೆ. ಬ್ರೇಕ್ ಇರಬೇಕು ಅಂದುಕೊಂಡೆ, ಘಾಟಿ ಇಳಿಯುವಾಗ ಬ್ರೇಕ್ ಬಿಸಿಯಾಗುವುದು ಮಾಮೂಲು. ಗುಂಡಿಗೆ ಇಳಿದಾಗಲೆಲ್ಲ ಹಿಂದಿನಿಂದ ಕರ್ ಅಂತ ಒಂದು ಸದ್ದು. ಬಂಡೆ ಮೇಲಿಂದ ರಸ್ತೆ ಪಕ್ಕಕ್ಕೆ ನೀರು ಬೀಳುವ ಒಂದು ಕಡೆ ಗಾಡಿ ನಿಲ್ಲಿಸಿ ಬಗ್ಗಿದೆ. ಟೈರಿನ ಎಡಗೋಡೆಯಲ್ಲಿ ಸುತ್ತಲೂ ಉಳಿಯಿಂದ ಕೊರೆದ ಹಾಗೆ ಒಂದು ಗೆರೆ. ಒಂದು ಕಡೆ ರಬ್ಬರ್ ಹೋಗಿ ಒಳಗಿನ ಬಿಳಿ ದಾರ ಕಾಣುತ್ತಿತ್ತು. ಚೈನ್ ಕವರ್‌ನ ಒಳ ಅಂಚು ಉಜ್ಜಿ ಉಜ್ಜಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಕೈ ಇಟ್ಟೆ, ಸುಟ್ಟಿತು. ಕೆಳಗೆ ಇನ್ನೂ ಎಷ್ಟೋ ತಿರುವು ಬಾಕಿ ಇತ್ತು.

ಅಮ್ಮನನ್ನು ಕೈ ತೋರಿಸಿ ನಿಲ್ಲಿಸಿದ ಬಸ್ಸಿಗೆ ಹತ್ತಿಸಿದೆ. ನಾನು ಚಕ್ರ ಬಿಚ್ಚಿ ಹಿಂದೆ ಬಂದ ಜೀಪಿನಲ್ಲಿ ಉಜಿರೆಗೆ ಹೋಗಿ 2.75-18 ಟೈರ್ ತಂದೆ. ಅಮ್ಮ ಏನೂ ಕೇಳಲಿಲ್ಲ, ನಾನೂ ಆಗ ಏನೂ ಹೇಳಲಿಲ್ಲ. ಆ ದಾರ ಘಾಟಿಯ ತಿರುವಿನಲ್ಲಿ ಹರಿದಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಗ್ಯಾರೇಜಿಗೆ ಬಂದವರ ಟೈರ್ ನೋಡುವಾಗ ನೆನಪಾಗುತ್ತದೆ.

ಅವತ್ತಿನಿಂದ ಒಂದು ಪರೀಕ್ಷೆ ಮಾಡುತ್ತೇನೆ. ಅಳತೆ ಬದಲಾದ ಟೈರ್ ಯಾವುದೇ ಬರಲಿ, ಚೈನ್ ಅಡ್ಜಸ್ಟರನ್ನು ಆದಷ್ಟು ಮುಂದಕ್ಕೆ ತಂದು ನೋಡುತ್ತೇನೆ. ಚಪಾತಿ ಹಿಟ್ಟಿನ ಸಣ್ಣ ಉಂಡೆಗಳನ್ನು ಮಡ್‌ಗಾರ್ಡಿನ ಒಳಗೆ, ಚೈನ್ ಕವರ್ ಒಳ ಅಂಚಿಗೆ, ಬಲಗಡೆ ಬ್ರೇಕ್ ರಾಡಿಗೆ ಅಂಟಿಸುತ್ತೇನೆ. ಇಬ್ಬರು ಕೂತು ಗಾಡಿಯನ್ನು ಜೋರಾಗಿ ಒತ್ತಿ, ಚಕ್ರ ಉರುಳಿಸಿ, ಆಮೇಲೆ ಉಂಡೆ ಎಷ್ಟು ಚಪ್ಪಟೆಯಾಯಿತು ಅಂತ ನೋಡುತ್ತೇನೆ. ಎಲ್ಲಾದರೂ ಹಿಟ್ಟು ಕಿರುಬೆರಳಿನ ಅರ್ಧ ದಪ್ಪಕ್ಕಿಂತ ತೆಳುವಾಗಿದ್ದರೆ ಆ ಟೈರ್ ಆ ಗಾಡಿಗೆ ಬೇಡ. ಮಡ್‌ಗಾರ್ಡ್ ಒಳಗಿನ ಬೋಲ್ಟ್ ತಲೆಗಳನ್ನು ಮರೆಯಬೇಡಿ. ಮೊದಲು ತಾಗುವುದು ಅವೇ.

ಪ್ರಶ್ನೆ: 2015ರ ಕ್ಲಾಸಿಕ್ 350. ಹಿಂದಿನ ಚಕ್ರಕ್ಕೆ 110/90-18. ನಮ್ಮೂರ ಅಂಗಡಿಯಲ್ಲಿ ಆ ಅಳತೆ ಇಲ್ಲ, 120/80-18 ಹಾಕಿಕೊಳ್ಳಿ ಅಂತಾರೆ. ಮೋಸ ಇರಬಹುದಾ?
(ಓದುಗರು, ಹಾವೇರಿ)

ಮೋಸ ಇಲ್ಲ. ನಿಮಗೆ ಅಂಗಡಿಯವರು ಸರಿಯಾಗಿಯೇ ಹೇಳಿದ್ದಾರೆ. ಲೆಕ್ಕ ಹಾಕಿ ನೋಡಿ: 110ರ ನೂರಕ್ಕೆ ತೊಂಬತ್ತು 99, 120ರ ನೂರಕ್ಕೆ ಎಂಬತ್ತು 96. ಗೋಡೆಯಲ್ಲಿ ಬರೀ 3 ಮಿಲಿಮೀಟರ್ ವ್ಯತ್ಯಾಸ. ಒಟ್ಟು ವ್ಯಾಸದಲ್ಲಿ 655 ಇದ್ದದ್ದು 649 ಆಗುತ್ತದೆ, ನೂರಕ್ಕೆ ಒಂದೂ ಇಲ್ಲ. ಕ್ಲಾಸಿಕ್ 350ರ ನಂತರದ ಮಾದರಿಗಳಿಗೆ ಕಂಪನಿಯೇ ಹಿಂದಿನ ಚಕ್ರಕ್ಕೆ 120/80-18 ಕೊಟ್ಟಿದೆ. ತಿಪಟೂರಿನವರಿಗೆ ಬೇಡ ಅಂದು ನಿಮಗೆ ಸರಿ ಅನ್ನುತ್ತಿರುವುದು ಇದಕ್ಕೇ. ಅಳತೆ ಬದಲಾಯಿತು ಅನ್ನುವುದಷ್ಟೇ ತಪ್ಪಲ್ಲ. ಎಷ್ಟು ಬದಲಾಯಿತು, ಯಾವ ರಿಮ್ ಮೇಲೆ ಅನ್ನುವುದು ಮುಖ್ಯ.

ಆದರೂ ಎರಡು ಕೆಲಸ ಮಾಡಿ. ರಿಮ್‌ನ ಮಣ್ಣು ಒರೆಸಿ, ಸ್ಪೋಕ್‌ಗಳ ನಡುವೆ ಕೊರೆದಿರುವ ಅಂಕಿ ಓದಿ. 2.50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹಾಕಿಸಿ. ಟೈರ್ ಗೋಡೆ ಮೇಲಿನ ಭಾರದ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು. ಮುಂದಿನ 19 ಇಂಚಿನ ಟೈರನ್ನು ಇದ್ದ ಹಾಗೇ ಬಿಡಿ.

ಪ್ರಶ್ನೆ: ಪಲ್ಸರ್ 150, ಮುಂದೆ 80/100-17. ಮುಂದಿನ ಟೈರ್ ತೀರಾ ಸಣ್ಣ ಅನ್ನಿಸುತ್ತದೆ. 90/90-17 ಹಾಕಿದರೆ ಮೀಟರ್ ತಪ್ಪು ತೋರಿಸುತ್ತದಾ?
(ಓದುಗರು, ಹುಬ್ಬಳ್ಳಿ)

ಇಲ್ಲ. ನಿಮ್ಮದರಲ್ಲೂ ಮೀಟರಿಗೆ ಲೆಕ್ಕ ಬರುವುದು ಮುಂದಿನ ಚಕ್ರದಿಂದಲೇ. ಆದರೆ ಎರಡು ಟೈರಿನ ವ್ಯಾಸದಲ್ಲಿ ವ್ಯತ್ಯಾಸ ಬರೀ 2 ಮಿಲಿಮೀಟರ್. ಹೊಸ ಟೈರಿಗೂ ಸವೆದ ಟೈರಿಗೂ ಇರುವ ವ್ಯತ್ಯಾಸ ಅದಕ್ಕಿಂತ ಜಾಸ್ತಿ. ರಿಮ್ ಮೇಲೆ 1.85 ಅಥವಾ ಮೇಲ್ಪಟ್ಟು ಇದ್ದರೆ ಅಡ್ಡಿಯಿಲ್ಲ. 1.60 ಇದ್ದರೆ ಸುಮ್ನೆ ಬಿಟ್ಟುಬಿಡಿ. ಹಾಕಿದ ಮೇಲೆ ಹ್ಯಾಂಡಲ್ ಎರಡು ಕಡೆಗೂ ಪೂರ್ತಿ ತಿರುಗಿಸಿ, ಮುಂದಿನ ಫೋರ್ಕ್ ಒತ್ತಿ, ಮಡ್‌ಗಾರ್ಡಿಗೂ ಬ್ರೇಕ್ ಹೋಸಿಗೂ ತಾಗುತ್ತದಾ ನೋಡಿ. ಟೈರ್ ಗೋಡೆಯಲ್ಲಿ ತಿರುಗುವ ದಿಕ್ಕಿನ ಬಾಣ ಇರುತ್ತದೆ. ಕೆಲವು ಟೈರಲ್ಲಿ ಮುಂದಿನ ಚಕ್ರಕ್ಕೆ ಹಾಕುವಾಗ ಒಂದು ಬಾಣ, ಹಿಂದಿನ ಚಕ್ರಕ್ಕೆ ಹಾಕುವಾಗ ಇನ್ನೊಂದು ಇರುತ್ತದೆ. ಪಂಕ್ಚರ್ ಹಾಕಿಸಿದಾಗ ಅದು ತಿರುವು ಮುರುವು ಆಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಎರಡೂ ಚಕ್ರಕ್ಕೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ಯಂತ್ರ) ಇರುವ ಗಾಡಿಯವರಿಗೆ ಇಲ್ಲೇ ಒಂದು ಮಾತು. ಆ ಯಂತ್ರ ಎರಡು ಚಕ್ರಗಳ ವೇಗವನ್ನು ಹೋಲಿಸಿ ನೋಡಿ ಬ್ರೇಕ್ ಹಿಡಿಯುತ್ತದೆ, ಬಿಡುತ್ತದೆ. ಒಂದೇ ಚಕ್ರದ ವ್ಯಾಸ ಜಾಸ್ತಿ ಬದಲಾಯಿಸಿದರೆ ಅದರ ಲೆಕ್ಕ ಕೆಡುತ್ತದೆ. ಅಂಥ ಗಾಡಿಯಲ್ಲಿ ಅಳತೆ ಮುಟ್ಟಬೇಡಿ.

ಪ್ರಶ್ನೆ: ಸ್ಪೋಕ್ಸ್ ಚಕ್ರಕ್ಕೆ ಟ್ಯೂಬ್‌ಲೆಸ್ ಟೈರ್ ಹಾಕಿದರೆ ಪಂಕ್ಚರ್ ಕಾಟ ತಪ್ಪುತ್ತದಾ?
(ಓದುಗರು, ಶಿರಸಿ)

ತಪ್ಪುವುದಿಲ್ಲ. ಸಾಮಾನ್ಯ ಸ್ಪೋಕ್ಸ್ ರಿಮ್‌ನಲ್ಲಿ ಪ್ರತಿ ಸ್ಪೋಕ್‌ಗೂ ಒಂದು ತೂತು ಇರುತ್ತದೆ. ಗಾಳಿ ಅಲ್ಲಿಂದ ಹೋಗುತ್ತದೆ. ಟ್ಯೂಬ್‌ಲೆಸ್ ಟೈರ್ ಹಾಕಿದರೂ ಒಳಗೆ ಟ್ಯೂಬ್ ಬೇಕೇ ಬೇಕು, ಆಗ ಮೊಳೆ ಚುಚ್ಚಿದರೆ ಟ್ಯೂಬ್ ಮೊದಲಿನ ಹಾಗೇ ಇಳಿಯುತ್ತದೆ. ಕೆಲವರು ತೂತುಗಳಿಗೆ ಅಂಟು ಬಳಿದು, ಟೇಪ್ ಸುತ್ತಿ ಟ್ಯೂಬ್ ತೆಗೆದು ಓಡಿಸುತ್ತಾರೆ. ಟ್ಯೂಬ್‌ಲೆಸ್‌ಗೆ ಅಂತ ಮಾಡಿದ ರಿಮ್‌ನ ಒಳಗೆ ಎರಡು ಕಡೆ ಸಣ್ಣ ದಿಬ್ಬ ಇರುತ್ತದೆ, ಗಾಳಿ ಇಳಿದರೂ ಬೀಡು ಜಾರದ ಹಾಗೆ ಅದು ಹಿಡಿದುಕೊಳ್ಳುತ್ತದೆ. ಟ್ಯೂಬ್ ರಿಮ್‌ನಲ್ಲಿ ಆ ದಿಬ್ಬ ಇರುವುದಿಲ್ಲ. ವೇಗದಲ್ಲಿ ಹೋಗುವಾಗ ಬೀಡು ಒಳಗೆ ಬಿದ್ದರೆ ಗಾಡಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ನಿಮ್ಮ ಗಾಡಿಯದೇ ಅಲಾಯ್ ಮಾದರಿ ಇದ್ದರೆ ಕಂಪನಿಯ ಚಕ್ರವನ್ನೇ ಹಾಕಿಸಿ, ಅದು ನೇರ ದಾರಿ.

ಪ್ರಶ್ನೆ: ಎಫ್‌ಝಡ್‌ಗೆ 140/60-17 ತೆಗೆದು 150/60-17 ಹಾಕಿಸಬೇಕು ಅಂತ ಇದ್ದೇನೆ. ಪೊಲೀಸರು ಹಿಡಿಯುತ್ತಾರಾ?
(ಓದುಗರು, ಬೆಂಗಳೂರು)

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ರಸ್ತೆಯಲ್ಲಿ ನಿಲ್ಲಿಸಿ ಟೈರ್ ಅಳೆಯುವುದು ಅಪರೂಪ. ಆದರೆ ಅಪಘಾತವಾದರೆ ವಿಮೆಯವರು ಗಾಡಿ ನೋಡೋಕೆ ಬರುತ್ತಾರೆ, ಆಗ ಅದು ಅವರ ಕಣ್ಣಿಗೆ ಬೀಳುತ್ತದೆ.

ನನ್ನ ಚಿಂತೆ ಪೊಲೀಸರದ್ದಲ್ಲ. ಎಫ್‌ಝಡ್ 2008ರಲ್ಲಿ ಬಂದಾಗ ಆ ದಪ್ಪ ಹಿಂದಿನ ಟೈರೇ ಅದರ ಚೆಂದ, ಈಗಲೇ ಅದಕ್ಕೆ ಬೇಕಾದಷ್ಟು ದಪ್ಪ ಇದೆ. 150 ಹಾಕಿದರೆ ವ್ಯಾಸ ಸುಮಾರು 600ರಿಂದ 612ಕ್ಕೆ ಏರುತ್ತದೆ, ಪಿಕಪ್ ಇಳಿಯುತ್ತದೆ, ತಿರುವಿನಲ್ಲಿ ಗಾಡಿ ವಾಲಿಸೋಕೆ ಜಾಸ್ತಿ ಬಲ ಹಾಕಬೇಕು. ಆ ಟೈರಿಗೆ ಕೊಡುವ ದುಡ್ಡಲ್ಲಿ ಸರಿಯಾದ ಅಳತೆಯ ಒಳ್ಳೆಯ ರೇಡಿಯಲ್ ಟೈರ್ ಸಿಗುತ್ತದೆ. ಮಳೆಯಲ್ಲಿ ಅದೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಪ್ರಶ್ನೆ: ಹಳೆಯ ಆಕ್ಟಿವಾ. ಟೈರ್ ಮೇಲೆ 3.50-10 ಇತ್ತು. ಈಗ 90/100-10 ಕೊಟ್ಟಿದ್ದಾರೆ. ಬೇರೆ ಅಳತೆ ಅಲ್ವಾ?
(ಓದುಗರು, ಉಡುಪಿ)

ಒಂದೇ ಅಳತೆ, ಬರೆಯುವ ರೀತಿ ಬೇರೆ. ಮೂರೂವರೆ ಇಂಚು ಅಂದರೆ 89 ಮಿಲಿಮೀಟರ್. ಧೈರ್ಯವಾಗಿ ಓಡಿಸಿ.

ಪ್ರಶ್ನೆ: ಆರ್‌ಎಕ್ಸ್ 100ಗೆ ಮುಂದಿನ 2.50-18 ಎಲ್ಲೂ ಸಿಗದೆ ಕೊನೆಗೆ ಒಂದು ಅಂಗಡಿಯಲ್ಲಿ ಸಿಕ್ಕಿತು. ಹೊಸದೇ, ಆದರೆ ಪಕ್ಕದಲ್ಲಿ 1514 ಅಂತ ನಾಲ್ಕು ಅಂಕಿ ಇದೆ. ಏನದು?
(ಓದುಗರು, ಶಿವಮೊಗ್ಗ)

ಅದು ಟೈರ್ ತಯಾರಾದ ದಿನ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನಿಮ್ಮದು 2014ರ 15ನೇ ವಾರದ್ದು. ಅಂಗಡಿಯ ಮೂಲೆಯಲ್ಲಿ ಇಷ್ಟು ವರ್ಷ ಕೂತಿದೆ. ಓಡದೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಗಟ್ಟಿಯಾಗುತ್ತದೆ. ಗೋಡೆಯನ್ನು ಕೈಯಲ್ಲಿ ಬಗ್ಗಿಸಿ ಬೆಳಕಿಗೆ ಹಿಡಿಯಿರಿ, ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಕಾಣುತ್ತವೆ. ಅಳತೆ ಸರಿ ಇದೆ, ಕಷ್ಟಪಟ್ಟು ಹುಡುಕಿದ್ದೀರಿ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಅದನ್ನು ಮುಂದಿನ ಚಕ್ರಕ್ಕೆ ಹಾಕಬೇಡಿ. ಬಿಲ್ ತೋರಿಸಿ ವಾಪಸ್ ಕೊಡಿ. ಮುಂದಿನ ರಿಮ್ ಮೇಲಿನ ಅಂಕಿ ಬರೆದು ಕಳಿಸಿ, ಈಗ ಸಿಗುವ ಟೈರಲ್ಲಿ ಯಾವುದು ಹೊಂದುತ್ತದೆ ಅಂತ ಮುಂದಿನ ತಿಂಗಳು ಹೇಳುತ್ತೇನೆ.